ಸೋಲೋಕೂ ಒಂದು ಊರು ಬೇಕು

"ಸಾರ್, ಗೈಡಲ್ಲಿರೋ ಲೆಕ್ಕ ಎಲ್ಲಾ ಮಾಡಿ ಮುಗಿಸಿದ್ದೀನಿ. ಆದ್ರೂ ಪರೀಕ್ಷೇಲಿ ಒಂದು ಲೆಕ್ಕವೂ ನನ್ನ ಗುರುತು ಹಿಡಿಯಲ್ಲ. ಯಾಕೆ?"

ಕೇಳಿದವಳು ಪಾಲಾಕ್ಷಿ, ಸೆಕೆಂಡ್ ಪಿಯುಸಿ ಸೈನ್ಸು. ಕೇಳಿಸಿಕೊಂಡವರು ಜಂಬಯ್ಯ ಮೇಷ್ಟ್ರು. ದಾವಣಗೆರೇಲಿ ಒಂದು ಮಂಡಕ್ಕಿ ಭಟ್ಟಿಯ ಮಹಡಿ ಮೇಲೆ ಟ್ಯೂಷನ್ ನಡೆಸೋರು. ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು ಮೂರಕ್ಕೂ ಅವರೊಬ್ಬರೇ, ಬೋರ್ಡೂ ಒಂದೇ. ಋಷಿಗಳಿಗೆ ಇರಬೇಕಾದಂಥ ಗಡ್ಡ ಇತ್ತು. ಗಡ್ಡದಲ್ಲಿ ಒಂದೆರಡು ಮಂಡಕ್ಕಿಯೂ ಇರ್ತಿತ್ತು.

ಪ್ರಿಪರೇಟರಿ ಪರೀಕ್ಷೆಯ ಪೇಪರು ಅವತ್ತು ಬೆಳಿಗ್ಗೆ ತಾನೇ ಪಾಲಾಕ್ಷಿ ಕೈಗೆ ಬಂದಿತ್ತು. ಮೂರಕ್ಕೆ ಮೂರೂ ಸಬ್ಜೆಕ್ಟು ಮಕಾಡೆ ಮಲಗಿದ್ವು. ಇನ್ನೊಂದು ತಿಂಗಳಿಗೆ ಅಸಲಿ ಪರೀಕ್ಷೆ. ಪಾಸಾದ್ರೆ ಬಿಎಸ್ಸಿ, ಮೈಸೂರು, ಹಾಸ್ಟೆಲ್ಲು. ಫೇಲಾದ್ರೆ ಅಕ್ಕನ ಬ್ಯೂಟಿ ಪಾರ್ಲರಲ್ಲಿ ನಿಂತು ಊರ ಹೆಂಗಸರ ಹುಬ್ಬಿಗೆಲ್ಲ ದಾರ ಹಿಡಿಯೋದು. ಅಕ್ಕ ಪಾಪ, ತಂಗಿ ಮೇಲೆ ಅಷ್ಟು ನಂಬಿಕೆ, ಈಗಾಗ್ಲೇ ಅವಳ ಅಳತೆಗೆ ಒಂದು ಏಪ್ರನ್ ಹೊಲಿಸಿಟ್ಟಿದ್ಲು.

"ಯಾವ ಲೆಕ್ಕ ಗುರುತು ಹಿಡೀಲಿಲ್ಲ?" ಅಂದ್ರು ಮೇಷ್ಟ್ರು.

"ಯಾವುದೂ ಹಿಡೀಲಿಲ್ಲ ಸಾರ್. ಗೈಡಲ್ಲಿ ಉಬ್ಬಿದ ಲೆನ್ಸು ಇತ್ತು, ಅಲ್ಲಿ ತಗ್ಗಿದ ಲೆನ್ಸು ಕೊಟ್ಟಿದ್ರು. ಗೈಡಲ್ಲಿ ನೀರಿಗೆ ಯೂರಿಯಾ ಹಾಕಿದ್ರು, ಅಲ್ಲಿ ಸಕ್ಕರೆ ಹಾಕಿದ್ರು. ಅದು ಹೋಗ್ಲಿ, ಇಂಟಿಗ್ರೇಷನ್ನಲ್ಲಿ ಎಕ್ಸ್ ಇರಬೇಕಾದ ಜಾಗದಲ್ಲಿ ಟೀ ಬಂದು ಕೂತಿತ್ತು ಸಾರ್. ಇದು ಮೋಸ ಅಲ್ವಾ?"

"ಮಹಾ ಮೋಸ. ಇರ್ಲಿ, ನೀನು ಲೆಕ್ಕ ಹೆಂಗೆ ಮಾಡ್ತೀಯ ಹೇಳು."

ಪಾಲಾಕ್ಷಿ ಬೆನ್ನು ನೆಟ್ಟಗೆ ಮಾಡ್ಕೊಂಡ್ಲು. ಇದರಲ್ಲಿ ಅವಳನ್ನ ಮೀರಿಸೋರು ಆ ಬ್ಯಾಚಲ್ಲೇ ಇರಲಿಲ್ಲ. "ಮೊದಲು ಪ್ರಶ್ನೆ ಓದ್ತೀನಿ ಸಾರ್. ಆಮೇಲೆ ಬಿಡಿಸಿರೋದನ್ನ ನೋಡ್ತೀನಿ. 'ಓ, ಅಷ್ಟೇನಾ' ಅಂತ ಗೊತ್ತಾಗುತ್ತೆ. ಗೈಡು ಮುಚ್ಚಿಟ್ಟು ಬರೀತೀನಿ. ತಾಳೆ ನೋಡ್ತೀನಿ. ಕೆಂಪು ಪೆನ್ನಲ್ಲಿ ರೈಟ್ ಹಾಕ್ಕೋತೀನಿ."

"ಪ್ರಶ್ನೆ ಓದೋದಕ್ಕೂ ಉತ್ತರ ನೋಡೋದಕ್ಕೂ ಮಧ್ಯೆ ಏನು ಮಾಡ್ತೀಯ?"

"ಪುಟ ತಿರುಗಿಸ್ತೀನಿ ಸಾರ್."

ಮೇಷ್ಟ್ರು ಮಂಡಕ್ಕಿ ಪೊಟ್ಟಣ ಅವಳ ಕಡೆಗೆ ಸರಿಸಿದ್ರು. ಅದರರ್ಥ, ಈಗ ಬೋರ್ಡ್ ಮೇಲೆ ಏನೂ ಬರೆಯಲ್ಲ, ಕತೆ ಬರುತ್ತೆ.

"ಒಬ್ಬ ವ್ಯಾಪಾರಿ ಇದ್ದ," ಅಂದ್ರು.

"ಯಾವೂರೋನು ಸಾರ್?"

"ಆ ಒಂದು ವಿಷಯದಲ್ಲೇ ಅವನು ಕೆಟ್ಟಿದ್ದು. ಬಾಯಲ್ಲಿ ಮಂಡಕ್ಕಿ ಹಾಕ್ಕೊಂಡು ಕೇಳು."

ಅವನು ಬೆಲ್ಲದ ವ್ಯಾಪಾರಿ. ಕತ್ತೆ ಮೇಲೆ ಬೆಲ್ಲದ ಚೀಲ ಹೇರಿಕೊಂಡು ಸಂತೆಯಿಂದ ಸಂತೆಗೆ ತಿರುಗೋನು. ಅವನು ಮುಂದೆ, ಕತ್ತೆ ಹಿಂದೆ, ನೊಣಗಳು ಇಬ್ಬರ ಹಿಂದೆ. ಹರಿಹರ ಗೊತ್ತು, ಹೊನ್ನಾಳಿ ಗೊತ್ತು, ಹರಪನಹಳ್ಳಿ, ಜಗಳೂರು, ಕೊಟ್ಟೂರು, ಬ್ಯಾಡಗಿ, ಅವನ ಕಾಲು ಬೀಳದ ಊರೇ ಇರಲಿಲ್ಲ. ಒಳ್ಳೇ ಹುಡುಗ. ತೂಕದಲ್ಲಿ ಮೋಸ ಇಲ್ಲ, ಮಾತಲ್ಲಿ ಬೆಲ್ಲ. ಒಂದೇ ದೋಷ ಅಂದ್ರೆ ತಲೆಗೆ ಕೆಲಸ ಕೊಡೋನಲ್ಲ. ತಲೆ ಇರೋದು ರುಮಾಲು ಸುತ್ತೋಕೆ ಅಂದ್ಕೊಂಡಿದ್ದ.

ಒಂದು ಸಲ ಒಂದು ಹಳ್ಳಿಗೆ ಹೋದ. ಒಬ್ಬ ರೈತನ ಮನೆ ಮುಂದೆ ನಿಂತು "ಬೆಲ್ಲಾ" ಅಂದ. ರೈತನ ಮಗಳು ಬಾಗಿಲಿಗೆ ಬಂದ್ಲು. ಬಂದವಳು ಬೆಲ್ಲ ನೋಡಿದ್ಲು, ಇವನು ಅವಳನ್ನ ನೋಡಿದ. ನೊಣಗಳು ಕೂಡ ಒಂದು ಗಳಿಗೆ ಸುಮ್ಮನಾದ್ವು.

"ಬೆಲ್ಲ ಆಮೇಲೆ," ಅಂದ್ಲು ಹುಡುಗಿ. "ನಮ್ಮೂರಿಗೆ ಹೊಸಬರು ಬಂದ್ರೆ ಒಂದು ಒಗಟು ಬಿಡಿಸಬೇಕು. ಕೇಳಿ. ಉಂಡರೆ ನಿಲ್ತಾಳೆ, ಉಪವಾಸ ಇದ್ರೆ ಮಲಗ್ತಾಳೆ. ಯಾರವಳು?"

"ನನಗೆ ಗೊತ್ತಿಲ್ಲ. ನೀವೇ ಹೇಳಿ," ಅಂದ ವ್ಯಾಪಾರಿ, ಕಣ್ಣು ರೆಪ್ಪೆ ಹೊಡೆಯೋದ್ರೊಳಗೆ.

"ಹಂಗೆಲ್ಲ ಪುಕ್ಕಟೆ ಹೇಳಲ್ಲ. 'ಸೋತೆ' ಅನ್ನಬೇಕು. ಸೋತವರು ಒಂದು ಊರು ಕೊಡಬೇಕು."

"ಊರಾ? ಎಲ್ಲಿಂದ ತರ್ಲಿ?"

"ತರೋದೇನು ಬೇಡ. ಬಾಯಲ್ಲಿ ಹೇಳಿದ್ರೆ ಸಾಕು. ಕೊಟ್ಟ ಊರು ಕೊಟ್ಟ ಹಾಗೆ. ಇನ್ನೊಂದು ಸಲ ಅದನ್ನ ಕೊಡೋ ಹಾಗಿಲ್ಲ."

ವ್ಯಾಪಾರಿಗೆ ನಗು ಬಂತು. ಇದೆಂಥಾ ಸಸ್ತಾ ವ್ಯಾಪಾರ! "ಸೋತೆ. ನಮ್ಮೂರನ್ನೇ ಕೊಟ್ಟೆ, ತಗೊಳ್ಳಿ," ಅಂದ.

ಹುಡುಗಿ ಸೊಂಟದ ಮೇಲೆ ಕೈ ಇಟ್ಕೊಂಡ್ಲು. ಅಲ್ಲಿ ಪದ್ಧತಿ ಹಾಗೆ. ಊರು ತಗೊಂಡವರು ಆ ಊರನ್ನ ಆಳಿ ತೋರಿಸಬೇಕು. "ನಿಮ್ಮೂರು ತಗೊಂಡೆ. ನಿಮ್ಮೂರ ಕಟ್ಟೆ ಮೇಲೆ ಕೂತೆ. ನಿಮ್ಮಮ್ಮನ ಕೈಲಿ ಹೋಳಿಗೆ ಮಾಡಿಸ್ಕೊಂಡು ಉಂಡೆ. ನಿಮಗೆ ಎಂಜಲೆಲೆ ಎತ್ತೋ ಕೆಲಸ ಕೊಟ್ಟೆ. ಈಗ ಕೇಳಿ ಉತ್ತರ. ಗೋಣಿಚೀಲ!"

ಹೌದಲ್ಲ. ತುಂಬಿದ್ರೆ ನಿಲ್ಲುತ್ತೆ, ಖಾಲಿಯಾದ್ರೆ ಮಲಗುತ್ತೆ. ವ್ಯಾಪಾರಿ ಕತ್ತೆ ಮೇಲಿದ್ದ ಚೀಲ ನೋಡಿದ. ಬುದ್ಧಿ ಬಂದಾಗಿನಿಂದ ಹೊತ್ತಿದ್ದ ಚೀಲ. "ಓ, ಅಷ್ಟೇನಾ!" ಅಂದ.

ಮಂಡಕ್ಕಿ ಅಗೀತಿದ್ದ ಪಾಲಾಕ್ಷಿ ಬಾಯಿ ಅರ್ಧಕ್ಕೇ ನಿಲ್ತು. "ಸಾರ್, ಇದು ನನ್ನ ಬಗ್ಗೆ ಕಟ್ತಿರೋ ಕತೆನಾ?"

"ನೀನೆಲ್ಲಿ ಬೆಲ್ಲ ಮಾರ್ತೀಯ? ಸುಮ್ನೆ ಕೇಳು."

ಆಮೇಲೆ ಆ ಹಳ್ಳೀಲಿ ಬೆಲ್ಲದ ಖರ್ಚು ಎಷ್ಟಿತ್ತೋ ಬಿಡ್ತೋ, ವ್ಯಾಪಾರಿ ಮಾತ್ರ ವಾರ ವಾರ ಬರೋಕೆ ಶುರು ಮಾಡಿದ. ಹುಡುಗಿ ಅವನನ್ನ 'ಬೆಲ್ಲದೋರೇ' ಅಂತ ಕರೆಯೋಳು. ಊರಿನ ಬೇರೆ ಹುಡುಗೀರು 'ಬೆಲ್ಲದಣ್ಣ' ಅಂತಿದ್ರು. ಇವಳೊಬ್ಬಳು ಅಣ್ಣ ಅನ್ನಲ್ಲ ಅನ್ನೋದು ಕತ್ತೆಗೂ ಅರ್ಥ ಆಯ್ತು. ಹಿರಿಯರು ಕೂತ್ರು. ಎರಡೂ ಕಡೆ ಒಪ್ಪಿಗೆ ಆಯ್ತು. ಎಲೆ ಅಡಿಕೆ ಬದಲಾಯಿಸೋ ಹೊತ್ತಿಗೆ ಹುಡುಗಿ ಅಪ್ಪ ಗಂಟಲು ಸರಿ ಮಾಡ್ಕೊಂಡ.

"ನೋಡಪ್ಪಾ, ನಮ್ಮ ಕಡೆ ಒಂದು ಪದ್ಧತಿ ಐತೆ. ಧಾರೆ ದಿನ ಮದುಮಗ ಹೊಸ್ತಿಲ ಹೊರಗೆ ನಿಲ್ಲಬೇಕು. ಮದುಮಗಳು ಒಳಗಿಂದ ಒಂದು ಒಗಟು ಹಾಕ್ತಾಳೆ. ಬಿಡಿಸಿದ್ರೆ ಒಳಗೆ ಬಾ, ತಾಳಿ ಕಟ್ಟು. ಬಿಡಿಸದಿದ್ರೆ ವಾಪಸ್ ಹೋಗಿ ಮುಂದಿನ ಸುಗ್ಗಿಗೆ ಬಾ."

"ಹಂಗೆ ವಾಪಸ್ ಹೋದೋರು ಇದ್ದಾರಾ ಮಾವ?"

ರೈತ ಮಾಡಿನ ತೊಲೆ ನೋಡಿದ. "ನಾನೇ ಎರಡು ಸುಗ್ಗಿ ಕಾದೋನು," ಅಂದ.

ಒಂದು ಸುಗ್ಗಿ ಕಾಯೋದಿರ್ಲಿ, ಒಂದು ವಾರ ಕಾಯೋ ತ್ರಾಣವೂ ವ್ಯಾಪಾರಿಗೆ ಇರಲಿಲ್ಲ. ಆದ್ರೆ ಉಪಾಯಗಾರ. ಆ ಮನೇಲಿ ಹುಡುಗಿಯ ಅಜ್ಜಿ ಇದ್ಲು. ಸುತ್ತಲ ಹಳ್ಳಿಗಳಲ್ಲೇ ಅವಳಷ್ಟು ಒಗಟು ಬಲ್ಲೋರು ಯಾರೂ ಇಲ್ಲ. ಇವನ ಲೆಕ್ಕಾಚಾರ ಸುಲಭ. ಅಜ್ಜಿ ಹತ್ರ ಇರೋ ಒಗಟೆಲ್ಲಾ ಕಲಿತುಬಿಟ್ರೆ ಮೊಮ್ಮಗಳ ಹತ್ರ ಕೇಳೋಕೆ ಏನು ಉಳಿಯುತ್ತೆ?

ಸಂಜೆ ಆದ್ರೆ ಅಜ್ಜಿ ಮುಂದೆ ಬಂದು ಕೂರೋನು. ಅಜ್ಜಿ ಕಡಲೆಕಾಯಿ ಸುಲಿಯುತ್ತಾ ಶುರು ಮಾಡೋಳು. "ಮೈಯೆಲ್ಲ ಕಣ್ಣು, ಆದ್ರೆ ದಾರಿ..."

"ಸೋತೆ ಅಜ್ಜಿ. ಹರಿಹರ ಕೊಟ್ಟೆ."

"ಪೂರ್ತಿ ಕೇಳೋ ಮಗನೇ."

"ಕೇಳಿ ಏನಾಗ್ಬೇಕು? ಉತ್ತರ ಹೇಳು."

"ಹರಿಹರ ತಗೊಂಡೆ. ಹೊಳೇಲಿ ಕಾಲು ತೊಳೆದೆ. ಸಣ್ಣಕ್ಕಿ ಅನ್ನ, ಗಟ್ಟಿ ಮೊಸರು ಉಂಡೆ. ನಿನಗೆ ಪಾತ್ರೆ ತಿಕ್ಕೋಕೆ ಹಚ್ಚಿದೆ. ಉತ್ತರ, ಜರಡಿ."

"ಓ, ಅಷ್ಟೇನಾ!"

ಹೀಗೇ ನಡೀತು. ಹೊನ್ನಾಳಿ ಕೊಟ್ಟ. ಬ್ಯಾಡಗಿ ಕೊಟ್ಟ, ಅಜ್ಜಿ ಮೆಣಸಿನಕಾಯಿ ರಾಶಿ ಮೇಲೆ ಮಲಗಿ ಸೀನಿದಳು. ಜಗಳೂರು ಕೊಟ್ಟ, ಅಜ್ಜಿ ಅಲ್ಲಿ ಹೋಗಿ ಎಲ್ಲರ ಜೊತೆ ಜಗಳ ತೆಗೆದು ಗೆದ್ದು ಬಂದ್ಲು. ಕೊಟ್ಟೂರನ್ನೂ ಕೊಟ್ಟ. ದೊಡ್ಡ ಊರು ಮುಗಿದ ಮೇಲೆ ಸಣ್ಣ ಊರು, ಸಣ್ಣ ಊರು ಮುಗಿದ ಮೇಲೆ ಮೂರು ಮನೆಯ ಹಟ್ಟಿಗಳು. ಒಂದು ದಿನ ಯಾವ ಹೆಸರೂ ಹೊಳೀದೆ ಕೂತಲ್ಲೇ ನೆಲ ತೋರಿಸಿ "ಈ ಊರು ಕೊಟ್ಟೆ" ಅಂದ. ಅಜ್ಜಿ ತನ್ನ ಊರನ್ನೇ ತಾನು ಇಸ್ಕೊಂಡು, ತನ್ನ ಜಗಲಿ ಮೇಲೇ ರಾಣಿ ಹಂಗೆ ಕೂತ್ಲು.

ಒಂದು ಸಂಜೆ ಹುಡುಗಿ ಕಂಬದ ಮರೆಯಿಂದ ಅಂದ್ಲು, "ಬೆಲ್ಲದೋರೇ, ಒಂದು ಗಳಿಗೆ ತಲೆ ಕೆರ್ಕೊಂಡಾದ್ರೂ ನೋಡಬಾರ್ದಾ?"

"ಯಾಕೆ ಕೆರ್ಕೋಬೇಕು? ಹೋಗೋದು ಊರು ತಾನೇ, ನಮ್ಮಪ್ಪನ ಮನೆ ಗಂಟೇನು?"

ಉತ್ತರಗಳನ್ನೆಲ್ಲ ಅವನು ಬಾಯಿಪಾಠ ಮಾಡ್ಕೊಂಡ. ದಾರೀಲಿ ಹೋಗ್ತಾ ಒಗಟು ತಾನೇ ಹಾಕೋನು, ಉತ್ತರ ತಾನೇ ಹೇಳೋನು, ಶಹಬ್ಬಾಸ್ ಅಂತ ಬೆನ್ನೂ ತಾನೇ ತಟ್ಟಿಕೊಳ್ಳೋನು. ಕೇಳಿ ಕೇಳಿ ಕತ್ತೆಗೂ ಎಲ್ಲಾ ಬಾಯಿಗೆ ಬಂದಿತ್ತು. ಅದು ಸಂಕೋಚದ ಪ್ರಾಣಿ, ಹೇಳ್ತಿರಲಿಲ್ಲ ಅಷ್ಟೇ.

ಮದುವೆ ದಿನ ಬಂತು. ಬಾಸಿಂಗ ಕಟ್ಕೊಂಡು, ಹೊಸ ಪಂಚೆ ಉಟ್ಕೊಂಡು, ವಾದ್ಯದ ಹಿಂದೆ ಗಂಡಿನ ದಿಬ್ಬಣ ರೈತನ ಮನೆ ಮುಂದೆ ಬಂದು ನಿಲ್ತು. ಒಳಗಿಂದ ಬೂಂದಿ ಕರಿಯೋ ವಾಸನೆ. ಗಂಡಿನ ಕಡೆಯವರು ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಇಟ್ಕೊಂಡೇ ಬಂದಿದ್ರು. ಹೊಸ್ತಿಲ ಒಳಗೆ ಮದುಮಗಳು. ಅವಳ ಪಕ್ಕ ಅಜ್ಜಿ. ಹಿಂದೆ ಕಿಸಕಿಸ ನಗೋ ಗೆಳತೀರು.

"ಕೇಳಿ," ಅಂದ ವ್ಯಾಪಾರಿ, ಮೀಸೆ ಮೇಲೆ ಕೈ ಹಾಕಿ. "ನಿಮ್ಮಜ್ಜಿ ಬುಟ್ಟೀಲಿ ಇರೋದೆಲ್ಲ ನನ್ನ ಬುಟ್ಟೀಲೂ ಐತೆ. ಯಾವುದು ಬೇಕೋ ಕೇಳಿ."

ಮದುಮಗಳು ಅಜ್ಜಿ ಬುಟ್ಟಿಗೆ ಕೈ ಹಾಕಲೇ ಇಲ್ಲ. ಅವತ್ತು ಬೆಳಿಗ್ಗೆ ತಲೆಗೆ ನೀರು ಹಾಕ್ಕೊಳ್ಳುವಾಗ ತಾನೇ ಒಂದು ಕಟ್ಟಿದ್ಲು. ಅದನ್ನ ಹಾಕಿದ್ಲು.

"ಕೊಟ್ರೂ ಕೊಟ್ಟೋನ ಹತ್ರಾನೇ ಇರುತ್ತೆ. ಅವನು ಅದನ್ನ ಉಳಿಸ್ಕೊಂಡ್ರೇನೇ, ಇಸ್ಕೊಂಡೋಳಿಗೆ ಸಿಗುತ್ತೆ. ಏನದು?"

ವ್ಯಾಪಾರಿ ತಲೆಯೊಳಗೆ ಕೈ ಹಾಕಿ ಹುಡುಕಿದ. ಜರಡಿ ಸಿಕ್ತು, ಗೋಣಿಚೀಲ ಸಿಕ್ತು, ಕುಂಬಳಕಾಯಿ, ಬೀಸೋಕಲ್ಲು, ನೆರಳು, ಈರುಳ್ಳಿ ಎಲ್ಲಾ ಸಿಕ್ವು. ಒಂದೂ ಈ ಒಗಟಿನ ಮುಖ ನೋಡಲಿಲ್ಲ. ಇಂಥಾ ಒಗಟು ಅಜ್ಜಿ ಹೇಳೇ ಇರಲಿಲ್ಲ. ಮೋಸ! ಬಾಯಿ ಮಾತ್ರ ತನ್ನ ಹಳೇ ಅಭ್ಯಾಸ ಬಿಡಲಿಲ್ಲ. ತಾನಾಗೇ ತೆರೀತು.

"ಸೋತೆ. ಹರಿಹರ ಕೊಟ್ಟೆ."

ಗಂಡಿನ ಕಡೆಯವರು ಅಯ್ಯೋ ಅಂದ್ರು. ಅವನ ಸೋದರಮಾವ ಹಣೆ ಚಚ್ಚಿಕೊಂಡ. ಮುಂದಿನ ಸುಗ್ಗಿ ಅಂದ್ರೆ ಬೂಂದಿಯೂ ಮುಂದಿನ ಸುಗ್ಗಿಗೇ.

ಆದ್ರೆ ಅಜ್ಜಿ ಕೈ ಅಡ್ಡ ಹಿಡಿದ್ಲು. "ಹರಿಹರ ನಂದು. ಕೊಟ್ಟಿದ್ದನ್ನ ಮತ್ತೆ ಕೊಡೋ ಹಂಗಿಲ್ಲ."

"ಹಂಗಾದ್ರೆ ಹೊನ್ನಾಳಿ."

"ಅದೂ ನಂದೇ."

"ಕೊಟ್ಟೂರು?"

"ಕೊಟ್ಟೂರು ಕೊಟ್ಟಾಗಿದೆ."

ಅವನು ಬೆರಳು ಮಡಚುತ್ತಾ ಹೋದ, ಅಜ್ಜಿ ತಲೆ ಅಲ್ಲಾಡಿಸ್ತಾ ಹೋದ್ಲು. ಕೊನೆಗೆ "ನಮ್ಮೂರು ಕೊಟ್ಟೆ" ಅಂದ.

"ಅದು ನಂದು," ಅಂದ್ಲು ಮದುಮಗಳು. "ಮೊದಲನೇ ದಿನವೇ ಕೊಟ್ಟಿದ್ದೀರಿ. ನಿಮ್ಮಮ್ಮನ ಹೋಳಿಗೆ ಚೆನ್ನಾಗಿತ್ತು."

"ಈ ಊರು?"

"ನೀನೀಗ ನಿಂತಿರೋದೇ ನನ್ನ ಊರಲ್ಲಿ ಕಣೋ," ಅಂದ್ಲು ಅಜ್ಜಿ.

ವ್ಯಾಪಾರಿ ಸುತ್ತ ನೋಡಿದ. "ಹಂಗಾದ್ರೆ ನಾನು ಸೋಲೋದು ಹೆಂಗೆ?"

"ಸೋಲೋಕೂ ಒಂದು ಊರು ಬೇಕಪ್ಪಾ," ಅಂದ್ಲು ಅಜ್ಜಿ. "ಊರಿಲ್ಲದೋನಿಗೆ ಸೋಲೋ ಹಕ್ಕಿಲ್ಲ."

"ಗೆದ್ದೂ ಇಲ್ಲ, ಸೋಲೋ ಹಂಗೂ ಇಲ್ಲ! ವಾಪಸ್ ಹೋಗ್ಲಾ?"

"ಎಲ್ಲಿಗೆ?" ಅಂದ್ಲು ಮದುಮಗಳು.

ಜನ ಗೊಳ್ ಅಂತ ನಕ್ಕರು. ವಾದ್ಯದೋರು ನಗೋ ಭರಕ್ಕೆ ಊದೋದು ಬಿಟ್ರು. ವ್ಯಾಪಾರಿ ಜಗಲಿ ಮೇಲೆ ಕುಕ್ಕರಿಸಿದ. ಒಂದು ಕಡೆ ಹುಡುಗಿ, ಒಂದು ಕಡೆ ಒಗಟು, ಮಧ್ಯೆ ಹೊಸ್ತಿಲು. ಹೋಗೋಕೆ ಜಾಗ ಇಲ್ಲ, ಕೊಡೋಕೆ ಊರಿಲ್ಲ. ಮಾಡೋಕೆ ಉಳಿದಿದ್ದು ಒಂದೇ ಕೆಲಸ. ಜೀವಮಾನದಲ್ಲಿ ಮೊದಲ ಸಲ ಅವನು ಒಂದು ಒಗಟನ್ನ ಪೂರ್ತಿ ಕೇಳಿಸ್ಕೊಂಡ.

"ಇನ್ನೊಂದು ಸಲ ಹೇಳಿ," ಅಂದ.

ಮದುಮಗಳು ಹೇಳಿದ್ಲು. ಈ ಸಲ ನಿಧಾನಕ್ಕೆ.

"ಗೋಣಿಚೀಲ," ಅಂದ, ಬಾಯಿಗೆ ಬಂದಿದ್ದು. ಅಂದು, ಕೆನ್ನೆಗೆ ಏಟು ಬೀಳುತ್ತೇನೋ ಅನ್ನೋ ಹಾಗೆ ಕಣ್ಣು ಮುಚ್ಚಿಕೊಂಡ.

ಜನ ಬಿದ್ದು ಬಿದ್ದು ನಕ್ಕರು. ಬೇರೆ ಏನೂ ಆಗಲಿಲ್ಲ.

ಒಂದು ಕಣ್ಣು ತೆರೆದ. "ಇದಕ್ಕೇನು ಕೊಡ್ಬೇಕು?"

"ಏನೂ ಇಲ್ಲ," ಅಂದ್ಲು ಅಜ್ಜಿ. "ತಪ್ಪು ಹೇಳಿದ್ರೆ ಯಾವ ಊರೂ ಹೋಗಲ್ಲ. ಸೋತೆ ಅಂದ್ರೆ ಮಾತ್ರ ಹೋಗೋದು."

"ಎಷ್ಟು ಸಲ ಬೇಕಾದ್ರೂ ತಪ್ಪು ಹೇಳಬಹುದಾ?"

"ಬಾಯಿ ನಿಂದು."

"ಅಯ್ಯೋ ನನ್ನಜ್ಜಿ, ಇದನ್ನ ಮೊದಲೇ ಹೇಳಬಾರ್ದಿತ್ತಾ?"

"ನೀನು ಯಾವತ್ತಾದ್ರೂ ನನ್ನ ಮಾತು ಮುಗಿಯೋವರೆಗೂ ಕೂತಿದ್ದೀಯಾ?"

ವ್ಯಾಪಾರಿಗೆ ಒಳಗೆ ಏನೋ ಸಡಿಲ ಆಯ್ತು. ಬಾಸಿಂಗ ಬಿಚ್ಚಿ ಸೋದರಮಾವನ ಕೈಗೆ ಕೊಟ್ಟ. ಜಗಲಿ ಮೇಲೆ ಚಕ್ಕಳ ಮಕ್ಕಳ ಹಾಕ್ಕೊಂಡು ಕೂತ.

"ಕೊಟ್ರೂ ಕೊಟ್ಟೋನ ಹತ್ರಾನೇ ಇರುತ್ತೆ... ದೀಪ! ನನ್ನ ದೀಪದಿಂದ ನಿಮ್ಮ ದೀಪ ಹಚ್ಚಿದ್ರೆ ನನ್ನದೂ ಉರಿಯುತ್ತೆ."

"ಮೊದಲನೇ ಮಾತಿಗೆ ಹೊಂದ್ತು," ಅಂದ್ಲು ಮದುಮಗಳು. "ಎರಡನೇದಕ್ಕೆ? ನೀವು ದೀಪ ಉಳಿಸ್ಕೊಂಡು ಹೊರಟ್ರೆ ನಾನು ಕತ್ತಲಲ್ಲಿ ಕೂರಬೇಕಲ್ಲ."

ಹೌದು. ಒಂದಕ್ಕೆ ಹೊಂದಿದ್ರೆ ಸಾಲದು, ಎರಡಕ್ಕೂ ಹೊಂದಬೇಕು. ಇದು ಅವನಿಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಎಡವಿದ ಕಾಲಿಗೆ ತಾನೇ ಸಿಕ್ಕಿದ್ದು. ಮತ್ತೆ ಯೋಚಿಸಿದ. ಯೋಚಿಸ್ತಾ ಯೋಚಿಸ್ತಾ ಮುಖ ಕೆಂಪಾಯ್ತು. ತಲೆ ತಗ್ಗಿಸಿ ಸಣ್ಣ ದನೀಲಿ ಅಂದ, "ಮುತ್ತು?"

ಗೆಳತೀರು ಕಿಟಾರನೆ ಕಿರುಚಿಕೊಂಡು ಒಬ್ಬರ ಮೇಲೊಬ್ಬರು ಬಿದ್ರು. ರೈತ ಮತ್ತೆ ತೊಲೆ ನೋಡೋಕೆ ಶುರು ಮಾಡಿದ. ಅಜ್ಜಿ ಮಾತ್ರ ಗಂಭೀರವಾಗಿ "ಕೆಟ್ಟ ಉತ್ತರ ಏನಲ್ಲ" ಅಂದ್ಲು.

ಮದುಮಗಳು ಸೆರಗಲ್ಲಿ ಬಾಯಿ ಮುಚ್ಚಿಕೊಂಡೇ ಹೇಳಿದ್ಲು, "ಅದನ್ನ ನೀವು ಉಳಿಸ್ಕೊಂಡು ಕೂತ್ರೆ ನನಗೇನು ಬಂತು?"

ಈಗ ವ್ಯಾಪಾರಿಯೂ ನಕ್ಕ. ಎದ್ದು ಅಂಗಳದಲ್ಲಿ ಓಡಾಡೋಕೆ ಶುರು ಮಾಡಿದ. ಆ ಕಡೆ ಹೋಗುವಾಗ 'ಕೊಟ್ರೂ ಇರಬೇಕು' ಅನ್ನೋನು, ಈ ಕಡೆ ಬರುವಾಗ 'ಉಳಿಸ್ಕೋಬೇಕು' ಅನ್ನೋನು. "ಹೆಸರು! ಹೆಸರನ್ನ ಉಳಿಸ್ಕೋಬೇಕು ಅಂತಾರಲ್ಲ?"

"ಉಳಿಸ್ಕೊಳ್ಳೋದು ಸರಿಯಾಯ್ತು. ಆದ್ರೆ ನೀವು ಹೆಸರು ಉಳಿಸ್ಕೊಂಡ್ರೆ ಕೀರ್ತಿ ನಿಮಗೆ. ನನ್ನ ಕೈಗೇನು ಸಿಕ್ತು?"

"ಹತ್ರ ಬಂದಿದ್ದೀನಿ ಅಲ್ವಾ?"

"ಬಂದಿದ್ದೀರಿ."

ಹತ್ರ ಬಂದಿದ್ದೀನಿ! ಅವನಿಗೆ ಬೆಲ್ಲದ ಗಾಣದ ಮುಂದೆ ನಿಂತ ಹುಡುಗನ ಹಾಗೆ ಆಯ್ತು. ವಾಸನೆ ಬರ್ತಿದೆ, ಬೆಲ್ಲ ಇನ್ನೂ ಕೈಗೆ ಬಂದಿಲ್ಲ. ಹಸಿವು ಮರೆತ. ಮುಹೂರ್ತ ಮರೆತ. ಜನ ನಗ್ತಿದ್ದಾರೆ ಅನ್ನೋದನ್ನ ಮರೆತ. ಒಂದು ಗಳಿಗೆ ಮದುಮಗಳನ್ನೂ ಮರೆತ ಅಂದ್ರೆ ನೋಡು.

ಅವನ ಸೋದರಮಾವ ಹಸಿದ ಮನುಷ್ಯ. ಹಸಿವಿಗೆ ಬುದ್ಧಿ ಚುರುಕಾಗಿ ಅವನಿಗೆ ಉತ್ತರ ಹೊಳೆದೇಬಿಡ್ತು. ಬಾಸಿಂಗ ಹಿಡ್ಕೊಂಡೇ ಓಡಿ ಬಂದು ಅಳಿಯನ ಕಿವಿ ಹತ್ರ ಬಗ್ಗಿದ. "ಲೋ, ನನಗೆ ಗೊತ್ತಾಯ್ತು. ಅದು..."

ವ್ಯಾಪಾರಿ ಎರಡೂ ಕಿವಿಗೆ ಬೆರಳು ತುರುಕಿದ. "ಹೇಳಬೇಡ ಮಾವಾ! ನಿನ್ನ ಕಾಲಿಗೆ ಬೀಳ್ತೀನಿ, ಹೇಳಬೇಡ!"

"ಬೂಂದಿ ಆರೋಗ್ತಾ ಐತೆ ಕಣೋ!"

"ಆರಲಿ! ಇಷ್ಟು ಹತ್ರ ಬಂದಿದ್ದೀನಿ. ಈಗ ನೀನು ಬಾಯಿ ಬಿಟ್ರೆ ಜನ್ಮದಲ್ಲಿ ನಿನ್ನ ಜೊತೆ ಮಾತಾಡಲ್ಲ."

ಪೂರ್ತಿ ಒಗಟು ಕೇಳದೆ ಹರಿಹರ ಕೊಟ್ಟೋನು ಇವನೇನಾ ಅಂತ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದ್ಲು. ಮದುಮಗಳು ನೋಡಿದ್ಲು. ನೋಡಿ, ಇವನಿಗಾಗಿ ಇನ್ನೂ ಒಂದು ಸುಗ್ಗಿ ಬೇಕಾದ್ರೂ ಈ ಹೊಸ್ತಿಲಲ್ಲೇ ನಿಲ್ಲಬಹುದು ಅಂದ್ಕೊಂಡ್ಲು.

ಅಷ್ಟರ ಅಗತ್ಯ ಬೀಳಲಿಲ್ಲ. ಓಡಾಡ್ತಿದ್ದ ವ್ಯಾಪಾರಿ ಅಂಗಳದ ನಟ್ಟನಡುವೆ ಗಕ್ಕನೆ ನಿಂತ. "ಕೊಡೋದೂ ಅದನ್ನೇ," ಅಂದ. "ಉಳಿಸ್ಕೊಳ್ಳೋದೂ ಅದನ್ನೇ!" ಅಂದ. ಆಮೇಲೆ ಅವನು ನಕ್ಕ ನಗು ಹೇಗಿತ್ತು ಅಂದ್ರೆ, ಊರಾಚೆ ಮೇಯ್ತಿದ್ದ ಕತ್ತೆ ಅಲ್ಲಿಂದಲೇ ಓಗೊಟ್ಟಿತು. ನೆಗೆದು ಹೊಸ್ತಿಲ ಹತ್ರ ಬಂದು, ಮದುಮಗಳ ಕಿವೀಲಿ ಒಂದೇ ಒಂದು ಪದ ಹೇಳಿದ.

ಮದುಮಗಳ ಮುಖ ಅರಳ್ತು. "ಎರಡಕ್ಕೂ ಹೊಂದ್ತು," ಅಂದ್ಲು. "ಹಂಗಾದ್ರೆ ಕೊಡಿ ಅದನ್ನ. ಇಲ್ಲೇ, ಎಲ್ಲರ ಮುಂದೆ."

"ಜೀವ ಇರೋವರೆಗೂ ನಿನ್ನ ಕೈ ಬಿಡಲ್ಲ," ಅಂದ ವ್ಯಾಪಾರಿ, ವಾದ್ಯದೋರಿಗೂ ಕೇಳೋ ಹಾಗೆ. "ಕೊಟ್ಟಿದ್ದೀನಿ."

"ಉಳಿಸ್ಕೊಳ್ಳಿ ಮತ್ತೆ," ಅಂದ್ಲು ಮದುಮಗಳು. ಪಕ್ಕಕ್ಕೆ ಸರಿದು ದಾರಿ ಬಿಟ್ಲು. ವಾದ್ಯ ಶುರು ಆಯ್ತು. ಬಲಗಾಲಿಟ್ಟು ಒಳಗೆ ಬಾ ಅನ್ನೋರ ಮಾತು ಕೇಳೋ ಪುರುಸೊತ್ತಿಲ್ಲದೆ ವ್ಯಾಪಾರಿ ಎರಡೂ ಕಾಲಲ್ಲಿ ಒಟ್ಟಿಗೆ ನೆಗೆದು ಒಳಗೆ ಬಿದ್ದ.

ಮೇಷ್ಟ್ರು ಕತೆ ನಿಲ್ಲಿಸಿ ಪೊಟ್ಟಣಕ್ಕೆ ಕೈ ಹಾಕಿದ್ರು. ಮಂಡಕ್ಕಿ ಖಾಲಿಯಾಗಿತ್ತು. ಪಾಲಾಕ್ಷಿಗೆ ತಾನು ಯಾವಾಗ ತಿಂದು ಮುಗಿಸಿದೆ ಅನ್ನೋದೇ ಗೊತ್ತಿರಲಿಲ್ಲ.

"ಸಾರ್, ಬೂಂದಿ?"

"ಆರಿ ತಣ್ಣಗಾಗಿತ್ತು. ವ್ಯಾಪಾರಿ ಅಷ್ಟು ರುಚಿಯಾದ ಬೂಂದಿ ಹಿಂದೆಂದೂ ತಿಂದಿರಲಿಲ್ಲವಂತೆ."

"ಒಗಟು ಕಲಿಯೋದು ಬಿಟ್ನಾ ಆಮೇಲೆ?"

"ಬಿಡೋದೆಲ್ಲಿ! ಊಟದ ಎಲೆ ಎತ್ತೋದ್ರೊಳಗೆ ಅಜ್ಜಿ ಪಕ್ಕ ಹೋಗಿ ಕೂತ. ಅಜ್ಜಿ ಒಗಟು ಹೇಳಿದ್ರೆ ಸುಮ್ಮನೆ ಕೂರೋನು, ತಪ್ಪು ಹೇಳೋನು, ನಗೋನು, ಮತ್ತೆ ತಪ್ಪು ಹೇಳೋನು. ಅಜ್ಜೀನೇ ಬೇಜಾರಾಗಿ 'ಹೇಳಿಬಿಡ್ಲೇನೋ' ಅಂದ್ರೆ ಕಿವಿ ಮುಚ್ಕೊಳ್ಳೋನು. ಹೆಂಡತಿ ಬಂದು ರುಮಾಲು ಹಿಡಿದು ಎಳ್ಕೊಂಡು ಹೋಗ್ಬೇಕಾಯ್ತು."

ಪಾಲಾಕ್ಷಿ ನಗ್ತಾ ನಗ್ತಾ ಗೈಡು ಎತ್ತಿ ಬ್ಯಾಗಿಗೆ ಹಾಕ್ಕೊಂಡ್ಲು. ಚಪ್ಪಲಿ ಮೆಟ್ಟಿಕೊಂಡ್ಲು. ಮೆಟ್ಟಿಲ ತನಕ ಹೋದವಳಿಗೆ ಕಾಲು ಮುಂದೆ ಹೋಗಲಿಲ್ಲ. ತಿರುಗಿ ನಿಂತ್ಲು.

"ಅದೆಲ್ಲಾ ಸರಿ ಸಾರ್. ಆ ಒಗಟಿಗೆ ಉತ್ತರ ಏನು? ಕಿವೀಲಿ ಅವನು ಏನಂದ?"

ಮೇಷ್ಟ್ರು ಗಡ್ಡದಲ್ಲಿ ಸಿಕ್ಕಿದ್ದ ಕೊನೇ ಮಂಡಕ್ಕಿ ತೆಗೆದು ಬಾಯಿಗೆ ಹಾಕ್ಕೊಂಡ್ರು.

"ಯಾವೂರು ಕೊಡ್ತೀಯ?" ಅಂದ್ರು.

ಪಾಲಾಕ್ಷಿ ಬಾಯಿ ತೆರೆದ್ಲು. ಮುಚ್ಚಿದ್ಲು. ಮೆಟ್ಟಿಲ ಮೇಲೆ ಅಲ್ಲೇ ಕೂತ್ಲು.